ಒಂದೇ ಪೋರ್ಟಿಗೆ ಎರಡು ಸರ್ವರ್: ನಿಲ್ಲಿಸುವುದೋ, ನಂಬರ್ ಬದಲಿಸುವುದೋ, ಮುಂದೆ ಪ್ರಾಕ್ಸಿ ಇಡುವುದೋ?

ಅಪಾಚೆ ಎಂಬ ವೆಬ್ ಸರ್ವರ್ ಆಗಲೇ ಓಡುತ್ತಿರುವ ಲಿನಕ್ಸ್ ಮೆಷಿನ್‌ನಲ್ಲಿ ಇನ್ನೊಂದು ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಸ್ಟಾರ್ಟ್ ಮಾಡಿ ನೋಡಿ. ಲಾಗ್‌ನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: ‘ಬೈಂಡ್ ಟು 0.0.0.0:80 ಫೇಲ್ಡ್ (98: ಅಡ್ರೆಸ್ ಆಲ್ರೆಡಿ ಇನ್ ಯೂಸ್)’. ಇಲ್ಲಿನ 80 ಪೋರ್ಟ್ ನಂಬರ್, ಅಂದರೆ ನೆಟ್‌ವರ್ಕ್‌ನಿಂದ ಬರುವವರಿಗಾಗಿ ಪ್ರೋಗ್ರಾಮ್ ತೆರೆದಿಡುವ ಬಾಗಿಲಿನ ನಂಬರ್. ಅರ್ಧ ಸೆಕೆಂಡಿಗೊಮ್ಮೆ ಐದು ಸಲ ಪ್ರಯತ್ನಿಸಿ ಎಂಜಿನ್‌ಎಕ್ಸ್ ಕೈಚೆಲ್ಲುತ್ತದೆ. ಇಂಥ ಜಗಳ ವೆಬ್ ಸರ್ವರ್‌ಗಳದ್ದು ಮಾತ್ರವಲ್ಲ. ಟಾಮ್‌ಕ್ಯಾಟ್‌ಗೂ ಜೆಂಕಿನ್ಸ್‌ಗೂ 8080 ಬೇಕು. ಮಾನಿಟರಿಂಗ್ ಅಳತೆ ಸಂಗ್ರಹಿಸುವ ಪ್ರೊಮಿಥಿಯಸ್‌ಗೂ ಬ್ರೌಸರ್‌ನಿಂದ ಮೆಷಿನ್ ನೋಡಿಕೊಳ್ಳಲು ಇರುವ ಕಾಕ್‌ಪಿಟ್‌ಗೂ 9090 ಬೇಕು. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಎರಡಕ್ಕೂ 3306. ಅಳತೆಗಳ ಗ್ರಾಫ್ ತೋರಿಸುವ ಗ್ರಫಾನಾ ಕೂರುವ 3000ದ ಮೇಲೆ ಎಷ್ಟೋ ನೋಡ್ ಆಪ್‌ಗಳ ಕಣ್ಣೂ ಇರುತ್ತದೆ.

ಪೋರ್ಟ್ ಹಿಡಿದು ಕೂತ ಪ್ರೋಗ್ರಾಮನ್ನು ಕಿಲ್ ಮಾಡಿದರೆ ಆ ಕ್ಷಣಕ್ಕೆ ಕೆಲಸ ಆಗುತ್ತದೆ. ಆದರೆ ಎರಡೂ ಸರ್ವೀಸ್‌ಗಳು ಬೂಟ್‌ನಲ್ಲಿ ಏಳುವ ಪಟ್ಟಿಯಲ್ಲೇ ಉಳಿದಿದ್ದರೆ, ಮುಂದಿನ ರೀಬೂಟ್‌ನಲ್ಲಿ ಮೊದಲು ಎದ್ದವರ ಪಾಲಿಗೆ ಪೋರ್ಟ್. ಇವತ್ತು ಸರಿಯಾಗಿ ಕಂಡ ಸೈಟ್ ಕರ್ನಲ್ ಅಪ್‌ಡೇಟ್ ಆದ ಮರುದಿನ ಬೇರೆಯದೇ ಪುಟ ತೋರಿಸುವುದು ಹೀಗೆ. ಆದ್ದರಿಂದ ಪೋರ್ಟ್ ಯಾರಿಗೆ, ಇನ್ನೊಬ್ಬರಿಗೆ ಎಲ್ಲಿ ಜಾಗ ಎಂಬುದನ್ನು ತೀರ್ಮಾನಿಸಿ ಕಾನ್ಫಿಗ್‌ನಲ್ಲಿ ಬರೆದಿಡಲೇಬೇಕು.

ದಾರಿಗಳು ಐದು: ಒಂದನ್ನು ನಿಲ್ಲಿಸುವುದು, ಒಂದರ ಪೋರ್ಟ್ ಬದಲಿಸುವುದು, ಎರಡಕ್ಕೂ ಬೇರೆ ಬೇರೆ ಐಪಿ ವಿಳಾಸ ಕೊಡುವುದು, ಮುಂದೆ ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ಹಿಂದಿರುವ ಸರಿಯಾದ ಸರ್ವರ್‌ಗೆ ದಾಟಿಸುವ ಪ್ರೋಗ್ರಾಮ್) ಕೂರಿಸುವುದು, ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿಡುವ ಪೆಟ್ಟಿಗೆ) ಅಥವಾ ವಿಎಂಗೆ (ಮೆಷಿನ್ ಒಳಗಿನ ವರ್ಚುವಲ್ ಮೆಷಿನ್) ಸಾಗಿಸುವುದು.

ಯಾವುದರಿಂದ ಅಳೆಯಬೇಕು

ಮೊದಲನೆಯ ಅಳತೆಗೋಲು, ಮತ್ತು ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ತೂಕದ್ದು: ಈ ಪೋರ್ಟ್ ನಂಬರನ್ನು ಎಲ್ಲೆಲ್ಲಿ ಯಾರು ಬರೆದಿಟ್ಟುಕೊಂಡಿದ್ದಾರೆ? ಬ್ರೌಸರ್‌ನಲ್ಲಿ ಸೈಟಿನ ಹೆಸರು ಟೈಪ್ ಮಾಡುವ ಸಾವಿರ ಜನ ತಮಗೆ ಗೊತ್ತಿಲ್ಲದೆಯೇ 80 ಮತ್ತು 443 ಬಳಸುತ್ತಿದ್ದಾರೆ. ಅವರ ಬಳಿ ಹೋಗಿ ನಂಬರ್ ಬದಲಿಸಿ ಎನ್ನಲಾಗದು. ಫೋನ್ ಅಥವಾ ರೌಟರ್‌ನ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ಬರೆಯಬಹುದು, ಪೋರ್ಟ್ ಬರೆಯಲು ಜಾಗವೇ ಇರುವುದಿಲ್ಲ. ಹಾಗಾಗಿ ಡಿಎನ್‌ಎಸ್‌ನ ಪೋರ್ಟ್ 53 ಅಲುಗುವಂಥದ್ದಲ್ಲ. ಅದೇ ಡೇಟಾಬೇಸ್ ಆದರೆ ಅದರ ಪೋರ್ಟ್ ಒಂದೋ ಎರಡೋ ಆಪ್‌ಗಳ ಕಾನ್ಫಿಗ್ ಫೈಲ್‌ನಲ್ಲಿ ಮಾತ್ರ ಇರುತ್ತದೆ. ನಂಬರ್ ಬಲ್ಲವರು ಕಡಿಮೆ ಇರುವ ಕಡೆಯನ್ನೇ ಸರಿಸಬೇಕು.

ಎರಡನೆಯದು ಪ್ರೋಟೊಕಾಲ್. ಎಚ್‌ಟಿಟಿಪಿಯಲ್ಲಿ ಬ್ರೌಸರ್ ತನಗೆ ಬೇಕಾದ ಸೈಟಿನ ಹೆಸರನ್ನು ‘ಹೋಸ್ಟ್’ ಹೆಡರ್‌ನಲ್ಲಿ ಕಳಿಸುತ್ತದೆ. ಹಾಗಾಗಿ ಒಂದೇ ಪೋರ್ಟಿನ ಹಿಂದೆ ಹತ್ತು ಸೈಟ್ ಇಡಬಹುದು. ಮೈಎಸ್‌ಕ್ಯೂಎಲ್, ಎಸ್‌ಎಸ್‌ಎಚ್ ಮುಂತಾದವುಗಳಲ್ಲಿ ಈ ಸೌಲಭ್ಯ ಇಲ್ಲ.

ಮೂರನೆಯದು ಮೆಷಿನ್‌ನ ಶಕ್ತಿ ಮತ್ತು ಖರ್ಚು. 1 ಜಿಬಿ ರ್‍ಯಾಮ್‌ನ ಬಾಡಿಗೆ ಸರ್ವರ್‌ಗೆ ಸಲ್ಲುವುದು ಬೇರೆ, ಆಫೀಸಿನ 64 ಜಿಬಿ ಮೆಷಿನ್‌ಗೆ ಸಲ್ಲುವುದು ಬೇರೆ. ಕೊನೆಯದು, ನಿಮ್ಮ ನಂತರ ಇದನ್ನು ನೋಡಿಕೊಳ್ಳುವವರಿಗೆ ನೀವು ಮಾಡಿದ್ದು ಅರ್ಥವಾಗುತ್ತದೆಯೇ ಎಂಬುದು.

ಆಯ್ಕೆಗೆ ಮೊದಲು: ಪೋರ್ಟ್ ಯಾರ ಕೈಯಲ್ಲಿದೆ

‘ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಡಿ. ಎಲ್ ಎಂದರೆ ಕೇಳುತ್ತಾ ಕೂತಿರುವವು, ಟಿ ಎಂದರೆ ಟಿಸಿಪಿ, ಎನ್ ಎಂದರೆ ಹೆಸರಿನ ಬದಲು ಅಂಕಿ, ಪಿ ಎಂದರೆ ಪ್ರೋಗ್ರಾಮಿನ ಹೆಸರು. ಯುಡಿಪಿಗೆ ಟಿ ಬದಲು ಯು. ಸುಡೋ ಬಿಟ್ಟರೆ ಬೇರೆ ಯೂಸರ್‌ಗಳ ಪ್ರೋಗ್ರಾಮಿನ ಹೆಸರು ಕಾಣುವುದಿಲ್ಲ, ಆ ಕಾಲಂ ಖಾಲಿ ಬರುತ್ತದೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಅಪಾಚೆ ಮತ್ತು ಜಾವಾ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಐಪಿವಿ6 ಸಾಕೆಟ್ ಒಂದರಿಂದಲೇ ಐಪಿವಿ4ನ್ನೂ ಹಿಡಿಯುತ್ತವೆ. ಆಗ ಎಸ್‌ಎಸ್ ತೋರಿಸುವುದು ‘*:8080’ ಎಂದು. ‘0.0.0.0:8080’ ಎಂದು ಗ್ರೆಪ್ ಮಾಡಿದವರಿಗೆ ಏನೂ ಸಿಗುವುದಿಲ್ಲ. ಬರೀ ‘:8080’ ಎಂದು ಹುಡುಕಿ.

ಹೆಸರಿನ ಜಾಗದಲ್ಲಿ ‘ಸಿಸ್ಟಮ್‌ಡಿ, ಪಿಐಡಿ 1’ ಎಂದು ಬಂದರೆ ಕಿಲ್ ಮಾಡಲು ಹೋಗಬೇಡಿ. ಅದು ಸಾಕೆಟ್ ಯೂನಿಟ್: ಸರ್ವೀಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ತಾನೇ ಪೋರ್ಟ್ ತೆರೆದು ಕಾಯುತ್ತದೆ, ಯಾರಾದರೂ ಬಂದಾಗ ಮಾತ್ರ ಅಸಲಿ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಸಾಕೆಟ್ಸ್’ ಕೊಟ್ಟರೆ ಯಾವ ಯೂನಿಟ್ ಎಂದು ತಿಳಿಯುತ್ತದೆ. ‘ಡಾಕರ್-ಪ್ರಾಕ್ಸಿ’ ಎಂದು ಬಂದರೆ ಯಾವುದೋ ಡಾಕರ್ ಕಂಟೇನರ್ ಪೋರ್ಟನ್ನು ಹೊರಗೆ ತೆರೆದಿದೆ. ‘ಡಾಕರ್ ಪಿಎಸ್’ನಲ್ಲಿ ಅದರ ಹೆಸರು ನೋಡಿ.

ಪಟ್ಟಿಯಲ್ಲಿ ಯಾರೂ ಇಲ್ಲ, ಆದರೂ ದೋಷ 98 ಬರುತ್ತಿದೆ, ಅದೂ ಒಮ್ಮೊಮ್ಮೆ ಮಾತ್ರ ಎಂದಾದರೆ ನಿಮ್ಮ ಸರ್ವರ್‌ನ ಪೋರ್ಟ್ 32768ರಿಂದ 60999ರ ನಡುವೆ ಇದೆಯೇ ಎಂದು ನೋಡಿ. ಹೊರಗೆ ಹೋಗುವ ಕನೆಕ್ಷನ್‌ಗಳಿಗೆ ಲಿನಕ್ಸ್ ಪೋರ್ಟ್ ಕೊಡುವುದು ಈ ವ್ಯಾಪ್ತಿಯಿಂದ. 50000 ನಿಮ್ಮ ಸರ್ವರ್‌ಗೆ ಬೇಕಿರುವ ಹೊತ್ತಿಗೇ ಯಾವುದೋ ಆಪ್ ಡೇಟಾಬೇಸ್‌ಗೆ ಹೋಗುತ್ತಾ 50000ವನ್ನು ತೆಗೆದುಕೊಂಡಿರಬಹುದು. ಎಲ್ ಬಿಟ್ಟು ‘ಎಸ್‌ಎಸ್ -ಟಿಎಎನ್‌ಪಿ’ ಕೊಟ್ಟರೆ ಅದು ಕಾಣುತ್ತದೆ. ಸರ್ವರ್‌ನ ಪೋರ್ಟನ್ನು 32768ರ ಕೆಳಗೆ ತರುವುದು ಒಳ್ಳೆಯದು. ತರಲಾಗದಿದ್ದರೆ ‘ನೆಟ್.ಐಪಿವಿ4.ಐಪಿ_ಲೋಕಲ್_ರಿಸರ್ವ್ಡ್_ಪೋರ್ಟ್ಸ್’ ಎಂಬ ಕರ್ನಲ್ ಸೆಟ್ಟಿಂಗ್‌ಗೆ (ಸಿಸ್‌ಸಿಟಿಎಲ್) ಆ ನಂಬರ್ ಸೇರಿಸಿ. ಕರ್ನಲ್ ಅದನ್ನು ತಾನಾಗಿ ಯಾರಿಗೂ ಹಂಚುವುದಿಲ್ಲ, ನಿಮ್ಮ ಸರ್ವರ್ ಹೆಸರಿಟ್ಟು ಕೇಳಿದರೆ ಕೊಡುತ್ತದೆ.

ಸರ್ವರ್ ನಿಲ್ಲಿಸಿ ಕೂಡಲೇ ಎಬ್ಬಿಸಿದಾಗ 98 ಬಂದು, ಒಂದು ನಿಮಿಷ ಬಿಟ್ಟರೆ ಸರಿಹೋದರೆ ಅದು ಟೈಮ್-ವೇಟ್: ಮುಚ್ಚಿದ ಕನೆಕ್ಷನನ್ನು ಕರ್ನಲ್ ಸ್ವಲ್ಪ ಹೊತ್ತು ಹಿಡಿದಿಟ್ಟಿರುವ ಸ್ಥಿತಿ. ಲಿನಕ್ಸ್‌ನಲ್ಲಿ ಅದರ ಅವಧಿ 60 ಸೆಕೆಂಡು. ಪರಿಹಾರ ಪ್ರೋಗ್ರಾಮಿನ ಕೋಡ್‌ನಲ್ಲಿದೆ: ಬೈಂಡ್ ಮಾಡುವ (ಪೋರ್ಟ್ ಹಿಡಿಯುವ) ಮೊದಲು ‘ಎಸ್‌ಒ_ರಿಯೂಸ್‌ಅಡ್ರ್’ ಹಾಕಬೇಕು.

ದೋಷದ ಅಂಕಿಯನ್ನೂ ಗಮನಿಸಿ. 98 ಬಂದರೆ ಮಾತ್ರ ಪೋರ್ಟ್ ಜಗಳ. 13 ಬಂದರೆ ಅನುಮತಿಯ ತೊಂದರೆ: 1024ರ ಕೆಳಗಿನ ಪೋರ್ಟನ್ನು ಸಾಮಾನ್ಯ ಯೂಸರ್ ಕೇಳಿದ್ದಾನೆ, ಇಲ್ಲವೇ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ತಡೆದಿದೆ. 99 ಬಂದರೆ ನೀವು ಬರೆದ ಐಪಿ ವಿಳಾಸ ಆ ಮೆಷಿನ್‌ನಲ್ಲಿ ಇಲ್ಲ.

ಒಂದನ್ನು ನಿಲ್ಲಿಸುವುದು

ಎರಡೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಅಪಾಚೆ ಅಲ್ಲಿರುವುದು ಯಾವುದೋ ಪ್ಯಾಕೇಜ್ ಜೊತೆ ತಾನೂ ಬಂದು ಕೂತದ್ದಕ್ಕಷ್ಟೇ ಎಂದಾದರೆ ನಿಲ್ಲಿಸಿಬಿಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಖರ್ಚಿಲ್ಲ, ರ್‍ಯಾಮ್ ಉಳಿಯುತ್ತದೆ, ಹಿಂದೆ ಬರುವವರಿಗೆ ಗೊಂದಲವೂ ಇಲ್ಲ.

ಆದರೆ ಬರೀ ‘ಸ್ಟಾಪ್’ ಸಾಲದು. ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಅಪಾಚೆ2’ ಕೊಡಿ, ಆಗ ಈಗಲೂ ನಿಲ್ಲುತ್ತದೆ, ಬೂಟ್‌ನಲ್ಲೂ ಏಳುವುದಿಲ್ಲ. ಬೇರೆ ಸರ್ವೀಸ್ ಅದನ್ನು ಎಬ್ಬಿಸುವ ಸಾಧ್ಯತೆ ಇದ್ದರೆ ‘ಮಾಸ್ಕ್’ ಮಾಡಿ, ಆಗ ಯಾರೂ ಎಬ್ಬಿಸಲಾಗದು. ಸಾಕೆಟ್ ಯೂನಿಟ್ ಇರುವಲ್ಲಿ ಆ ಸಾಕೆಟನ್ನೂ ಡಿಸೇಬಲ್ ಮಾಡಬೇಕು, ಇಲ್ಲದಿದ್ದರೆ ಪೋರ್ಟ್ ಬಿಡುಗಡೆಯೇ ಆಗುವುದಿಲ್ಲ. ‘ಫ್ಯೂಸರ್ -ಕೆ 80/ಟಿಸಿಪಿ’ ಪೋರ್ಟ್ ಹಿಡಿದವರನ್ನೆಲ್ಲ ಕೇಳದೆ ಕೊಲ್ಲುತ್ತದೆ. ಡೇಟಾಬೇಸ್ ಹಿಡಿದಿರುವ ಪೋರ್ಟಿನ ಮೇಲೆ ಅದನ್ನು ಎಂದೂ ಪ್ರಯೋಗಿಸಬೇಡಿ.

ಪೋರ್ಟ್ ಬದಲಿಸುವುದು

ಒಳಗಿನ ಬಳಕೆಯ ಸರ್ವೀಸ್‌ಗಳಿಗೆ ನಾನು ಮೊದಲು ನೋಡುವ ದಾರಿ ಇದು. ಪ್ರೊಮಿಥಿಯಸ್ ಮತ್ತು ಕಾಕ್‌ಪಿಟ್ ಜಗಳವನ್ನೇ ಹತ್ತಿರದಿಂದ ನೋಡೋಣ. ಪ್ರೊಮಿಥಿಯಸ್‌ನ 9090 ಗ್ರಫಾನಾದ ಡೇಟಾ ಸೋರ್ಸ್‌ನಲ್ಲಿ ಇದೆ. ತನ್ನನ್ನೇ ಅಳೆದುಕೊಳ್ಳಲು ಅದರ ಸ್ವಂತ ಕಾನ್ಫಿಗ್‌ನಲ್ಲೂ ಇದೆ. ಕಾಕ್‌ಪಿಟ್‌ನ 9090 ಇರುವುದು ಒಬ್ಬಿಬ್ಬರು ಅಡ್ಮಿನ್‌ಗಳ ಬುಕ್‌ಮಾರ್ಕ್‌ನಲ್ಲಿ. ಹಾಗಾಗಿ ಸರಿಯಬೇಕಾದದ್ದು ಕಾಕ್‌ಪಿಟ್.

ಎಲ್ಲಿಗೆ ಸರಿಸುವುದು? ಪಕ್ಕದ 9091 ಎನ್ನುವಿರಾದರೆ ಅದು ಪ್ರೊಮಿಥಿಯಸ್‌ನದೇ ಪುಶ್‌ಗೇಟ್‌ವೇ ಬಳಸುವ ನಂಬರ್. 9093 ಅಲರ್ಟ್‌ಮ್ಯಾನೇಜರ್‌ನದು, 9100 ನೋಡ್ ಎಕ್ಸ್‌ಪೋರ್ಟರ್‌ನದು. ನಾಳೆ ಅವು ಬಂದರೆ ಮತ್ತೆ ಇದೇ ಪಾಡು. 9990 ಆರಿಸಿಕೊಂಡೆವು ಎನ್ನಿ. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಕಾಕ್‌ಪಿಟ್.ಸಾಕೆಟ್’ ಕೊಟ್ಟು, ಸಾಕೆಟ್ ವಿಭಾಗದ ಕೆಳಗೆ ಎರಡು ಸಾಲು ಬರೆಯಬೇಕು: ಮೊದಲು ‘ಲಿಸನ್‌ಸ್ಟ್ರೀಮ್=’ ಎಂದು ಖಾಲಿ, ಆಮೇಲೆ ‘ಲಿಸನ್‌ಸ್ಟ್ರೀಮ್=9990’. ಆ ಖಾಲಿ ಸಾಲು ಹಳೆಯ ಪಟ್ಟಿಯನ್ನು ಅಳಿಸುತ್ತದೆ. ಅದನ್ನು ಬಿಟ್ಟರೆ ಕಾಕ್‌ಪಿಟ್ 9990ರ ಜೊತೆಗೆ 9090ನ್ನೂ ಹಿಡಿಯಲು ಹೋಗುತ್ತದೆ, ಜಗಳ ಇದ್ದಲ್ಲೇ ಇರುತ್ತದೆ. ರೆಡ್‌ಹ್ಯಾಟ್ ಬಳಗದ ಮೆಷಿನ್‌ನಲ್ಲಿ ಎಸ್‌ಇಲಿನಕ್ಸ್‌ಗೂ ‘ಸೆಮ್ಯಾನೇಜ್ ಪೋರ್ಟ್’ ಮೂಲಕ ಹೊಸ ನಂಬರನ್ನು ‘ವೆಬ್‌ಎಸ್‌ಎಂ_ಪೋರ್ಟ್_ಟಿ’ ಎಂಬ ವರ್ಗಕ್ಕೆ ಸೇರಿಸಿ ಹೇಳಬೇಕು. ಫೈರ್‌ವಾಲ್‌ನಲ್ಲಿ ಹೊಸ ಪೋರ್ಟ್ ತೆರೆದು, ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಾಕ್‌ಪಿಟ್.ಸಾಕೆಟ್’ ಕೊಡಿ.

ಇದೇ ಬಗೆಯ ತೊಡಕು ಉಬುಂಟು 24.04ರ ಎಸ್‌ಎಸ್‌ಎಚ್‌ನಲ್ಲೂ ಇದೆ. ಅಲ್ಲಿ ಎಸ್‌ಎಸ್‌ಎಚ್ ಕೂಡ ಸಾಕೆಟ್ ಯೂನಿಟ್‌ನಿಂದ ಏಳುತ್ತದೆ. ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ನಲ್ಲಿ ಪೋರ್ಟ್ ಬದಲಿಸಿ ಸರ್ವೀಸ್ ಮಾತ್ರ ರೀಸ್ಟಾರ್ಟ್ ಮಾಡಿದರೆ ಹಳೆಯ ಪೋರ್ಟೇ ಉಳಿಯುತ್ತದೆ. ‘ಡೀಮನ್-ರೀಲೋಡ್’ ಕೊಟ್ಟು ‘ಎಸ್‌ಎಸ್‌ಎಚ್.ಸಾಕೆಟ್’ ರೀಸ್ಟಾರ್ಟ್ ಮಾಡಿ. ಹೊಸ ಪೋರ್ಟಿನಲ್ಲಿ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗುವವರೆಗೆ ಈಗಿರುವ ಸೆಷನ್ ಮುಚ್ಚಬೇಡಿ.

ಕೆಲವು ಪ್ರೋಗ್ರಾಮ್‌ಗಳಿಗೆ ಒಂದಕ್ಕಿಂತ ಹೆಚ್ಚು ಪೋರ್ಟ್ ಇರುತ್ತದೆ. ಒಂದೇ ಮೆಷಿನ್‌ನಲ್ಲಿ ಎರಡು ಟಾಮ್‌ಕ್ಯಾಟ್ ಓಡಿಸುವವರು 8080ನ್ನು 8081 ಮಾಡಿ, ಶಟ್‌ಡೌನ್‌ಗೆ ಮೀಸಲಾದ 8005ನ್ನು ಮರೆಯುತ್ತಾರೆ. ಅಪಾಚೆಯನ್ನು 80ರಿಂದ ಸರಿಸಿದವರು 443 ಮರೆಯುತ್ತಾರೆ. ಡೆಬಿಯನ್‌ನಲ್ಲಿ ‘ಪೋರ್ಟ್ಸ್.ಕಾನ್ಫ್’ ಫೈಲ್‌ನ ‘ಲಿಸನ್’ ಸಾಲುಗಳನ್ನೂ, ಪ್ರತಿ ಸೈಟಿನ ‘ವರ್ಚುವಲ್‌ಹೋಸ್ಟ್ *:80’ ಸಾಲನ್ನೂ ಒಟ್ಟಿಗೆ ಬದಲಿಸಿ.

ಡೇಟಾಬೇಸ್‌ನಲ್ಲಿ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಎರಡನೇ ಸರ್ವರನ್ನು 3307ಕ್ಕೆ ಹಾಕಿದ್ದೀರಿ. ಮೈಎಸ್‌ಕ್ಯೂಎಲ್ ಕ್ಲೈಂಟ್‌ಗೆ ಹೋಸ್ಟ್ ‘ಲೋಕಲ್‌ಹೋಸ್ಟ್’, ಪೋರ್ಟ್ 3307 ಎಂದು ಕೊಡುತ್ತೀರಿ. ಕನೆಕ್ಟ್ ಆಗುತ್ತದೆ, ಆದರೆ ಹಳೆಯ ಸರ್ವರ್‌ಗೆ! ‘ಲೋಕಲ್‌ಹೋಸ್ಟ್’ ಎಂದರೆ ಆ ಕ್ಲೈಂಟ್ ನೆಟ್‌ವರ್ಕ್ ಬಿಟ್ಟು ಯುನಿಕ್ಸ್ ಸಾಕೆಟ್ ಫೈಲ್ ಹಿಡಿಯುತ್ತದೆ, ಪೋರ್ಟ್ ನಂಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೆಸ್ಟ್ ಡೇಟಾಬೇಸ್ ಎಂದುಕೊಂಡು ಅಸಲಿ ಟೇಬಲ್ ಅಳಿಸಿಬಿಡಬಹುದು. ‘127.0.0.1’ ಎಂದೇ ಬರೆಯಿರಿ. ಎರಡನೇ ಸರ್ವರ್‌ಗೆ ಡೇಟಾ ಡೈರೆಕ್ಟರಿ, ಸಾಕೆಟ್ ಫೈಲ್, ಪಿಐಡಿ ಫೈಲ್ ಎಲ್ಲವೂ ಪ್ರತ್ಯೇಕ ಇರಲಿ. ಪೋಸ್ಟ್‌ಗ್ರೆಸ್ ಬಳಸುವವರಿಗೆ ಈ ತಲೆನೋವು ಕಡಿಮೆ: ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎರಡನೇ ಕ್ಲಸ್ಟರ್ ತಾನಾಗಿ 5433ಕ್ಕೆ ಹೋಗುತ್ತದೆ, ಸಾಕೆಟ್ ಫೈಲ್‌ನ ಹೆಸರಿನಲ್ಲೇ ಪೋರ್ಟ್ ನಂಬರ್ ಇರುತ್ತದೆ.

ಬ್ರೌಸರ್‌ನಲ್ಲಿ ತೆರೆಯುವಂಥದ್ದಾದರೆ 6000, 6665ರಿಂದ 6669, 10080 ಇವನ್ನು ಆರಿಸಬೇಡಿ. ಕ್ರೋಮ್, ಫೈರ್‌ಫಾಕ್ಸ್ ಈ ಪೋರ್ಟ್‌ಗಳನ್ನು ತಾವೇ ತಡೆಯುತ್ತವೆ. ಸರ್ವರ್ ಸರಿ ಇದ್ದರೂ ಪುಟ ತೆರೆಯುವುದಿಲ್ಲ.

ಬೇರೆ ಬೇರೆ ಐಪಿ ವಿಳಾಸ

ಪೋರ್ಟ್ ಜಗಳ ನಿಜಕ್ಕೂ ವಿಳಾಸ ಮತ್ತು ಪೋರ್ಟ್ ಎರಡೂ ಸೇರಿದ ಜೋಡಿಯ ಮೇಲಿನ ಜಗಳ. 192.168.1.10ರ 80 ಒಬ್ಬರಿಗೆ, 192.168.1.50ರ 80 ಇನ್ನೊಬ್ಬರಿಗೆ ಕೊಡಲು ಅಡ್ಡಿ ಇಲ್ಲ. ಷರತ್ತು ಒಂದೇ: ಇಬ್ಬರೂ ತಮ್ಮ ವಿಳಾಸ ಹೆಸರಿಸಿ ಬೈಂಡ್ ಆಗಬೇಕು. ಒಬ್ಬರು 0.0.0.0 ಎಂದರೂ ಎಲ್ಲ ವಿಳಾಸಗಳನ್ನೂ ಕೇಳಿದಂತೆ, ಮತ್ತೆ 98.

ಈ ದಾರಿ ತನ್ನ ಬೆಲೆ ತೋರಿಸುವುದು ಡಿಎನ್‌ಎಸ್‌ನಲ್ಲಿ. ಉಬುಂಟುವಿನಲ್ಲಿ ‘ಸಿಸ್ಟಮ್‌ಡಿ-ರಿಸಾಲ್ವ್ಡ್’ 127.0.0.53ರ 53ನೇ ಪೋರ್ಟ್ ಹಿಡಿದಿರುತ್ತದೆ. ಡಿಎನ್‌ಎಸ್‌ಮಾಸ್ಕ್ ಎಂಬ ಡಿಎನ್‌ಎಸ್ ಸರ್ವರ್ 0.0.0.0:53 ಕೇಳುತ್ತದೆ, ಸಿಗುವುದಿಲ್ಲ. ಎಷ್ಟೋ ಕಡೆ ‘ಡಿಎನ್‌ಎಸ್‌ಸ್ಟಬ್‌ಲಿಸನರ್=ನೋ’ ಹಾಕಿ ಎಂಬ ಸಲಹೆ ಸಿಗುತ್ತದೆ. ಹಾಕಬಹುದು, ಆದರೆ ‘ರಿಸಾಲ್ವ್.ಕಾನ್ಫ್’ ಇನ್ನೂ 127.0.0.53 ಅನ್ನೇ ತೋರಿಸುತ್ತಿದ್ದರೆ ಮೆಷಿನ್‌ನ ಇಂಟರ್‌ನೆಟ್ ಹೆಸರುಗಳೆಲ್ಲ ಸಿಗದೆ ಹೋಗುತ್ತವೆ, ಅದರ ಸಿಮ್‌ಲಿಂಕನ್ನೂ ಬದಲಿಸಬೇಕು. ಅದಕ್ಕಿಂತ ಸೌಮ್ಯವಾದದ್ದು ಡಿಎನ್‌ಎಸ್‌ಮಾಸ್ಕ್ ಕಾನ್ಫಿಗ್‌ನಲ್ಲಿ ‘ಲಿಸನ್-ಅಡ್ರೆಸ್=192.168.1.10’ ಜೊತೆಗೆ ‘ಬೈಂಡ್-ಇಂಟರ್‌ಫೇಸಸ್’ ಎಂಬ ಸಾಲು ಸೇರಿಸುವುದು. ಎರಡನೇ ಸಾಲು ಇಲ್ಲದಿದ್ದರೆ ಡಿಎನ್‌ಎಸ್‌ಮಾಸ್ಕ್ ಎಲ್ಲ ವಿಳಾಸಗಳಿಗೂ ಬೈಂಡ್ ಆಗಿ, ಬೇಡದ್ದನ್ನು ಆಮೇಲೆ ಬಿಸಾಡುತ್ತದೆ. ಜಗಳ ಹಾಗೇ ಉಳಿಯುತ್ತದೆ.

‘ಐಪಿ ಅಡ್ರ್ ಆ್ಯಡ್’ ಮೂಲಕ ಸೇರಿಸಿದ ವಿಳಾಸ ರೀಬೂಟ್‌ನಲ್ಲಿ ಹೋಗುತ್ತದೆ, ನೆಟ್‌ಪ್ಲಾನ್‌ನಲ್ಲೋ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೋ ಬರೆಯಬೇಕು. ವಿಳಾಸ ಬರುವ ಮೊದಲೇ ಸರ್ವೀಸ್ ಎದ್ದರೆ ದೋಷ 99. ಅದಕ್ಕೆ ಸರ್ವೀಸನ್ನು ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ನಂತರ ಏಳುವಂತೆ ಮಾಡಿ. ಮನೆ, ಆಫೀಸಿನ ಒಳಗೆ ಹೆಚ್ಚುವರಿ ವಿಳಾಸ ಪುಕ್ಕಟೆ. ಹೊರಜಗತ್ತಿನ ಐಪಿವಿ4 ಹಾಗಲ್ಲ: ಎಡಬ್ಲ್ಯುಎಸ್ 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4ಗೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ, ತಿಂಗಳಿಗೆ ಸುಮಾರು 3.6 ಡಾಲರ್. ಬರೀ ವೆಬ್‌ಸೈಟಿಗಾಗಿ ಆ ಹಣ ಕೊಡುವುದು ವ್ಯರ್ಥ.

ಮುಂದೊಂದು ರಿವರ್ಸ್ ಪ್ರಾಕ್ಸಿ

ಎರಡೂ ಎಚ್‌ಟಿಟಿಪಿ, ಎರಡನ್ನೂ ಜನ ಬ್ರೌಸರ್‌ನಲ್ಲಿ ತೆರೆಯುತ್ತಾರೆ ಎಂದಾದರೆ ಉತ್ತರ ಇದೇ. 80 ಮತ್ತು 443 ಎಂಜಿನ್‌ಎಕ್ಸ್‌ಗೆ. ಅಪಾಚೆ 127.0.0.1:8080ಕ್ಕೆ, ಜೆಂಕಿನ್ಸ್ 127.0.0.1:8081ಕ್ಕೆ. 127.0.0.1 ಎಂದು ಬರೆಯುವುದು ಮುಖ್ಯ, ಇಲ್ಲದಿದ್ದರೆ ಪ್ರಾಕ್ಸಿಯನ್ನು ದಾಟಿ ನೇರ ಒಳಗೆ ಬರುವ ಬಾಗಿಲು ತೆರೆದೇ ಇರುತ್ತದೆ. ಎಂಜಿನ್‌ಎಕ್ಸ್‌ಗೆ ಬೇಕಾಗುವ ರ್‍ಯಾಮ್ ಅತ್ಯಲ್ಪ, 1 ಜಿಬಿ ಮೆಷಿನ್‌ಗೂ ಭಾರವಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳನ್ನೂ ಒಂದೇ ಕಡೆ ನೋಡಿಕೊಳ್ಳಬಹುದು.

ಇದಕ್ಕೆ ತೆರುವ ಬೆಲೆ ಕಾನ್ಫಿಗ್‌ನ ಶಿಸ್ತು. ‘ಪ್ರಾಕ್ಸಿ_ಪಾಸ್’ ಒಂದನ್ನೇ ಬರೆದು ಬಿಟ್ಟರೆ ಅಪಾಚೆ ಲಾಗ್‌ನಲ್ಲಿ ಬಂದವರೆಲ್ಲರ ವಿಳಾಸವೂ 127.0.0.1 ಆಗುತ್ತದೆ. ಆ ಲಾಗ್ ನೋಡಿ ದಾಳಿಕೋರರನ್ನು ತಡೆಯುವ ಫೇಲ್‌2ಬ್ಯಾನ್ ಅಂಥವು ಕುರುಡಾಗುತ್ತವೆ. ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರ್ ಕಳಿಸಿ, ಅಪಾಚೆಯಲ್ಲಿ ‘ಮಾಡ್_ರಿಮೋಟ್‌ಐಪಿ’ ಹಾಕಿ. ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಬಿಟ್ಟರೆ ಹಿಂದಿನ ಆಪ್ ತಾನು ಎಚ್‌ಟಿಟಿಪಿಯಲ್ಲಿದ್ದೇನೆ ಎಂದು ತಿಳಿದು ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತದೆ, ಮತ್ತೆ ತಿರುಗಿಸುತ್ತದೆ, ಬ್ರೌಸರ್ ‘ಟೂ ಮೆನಿ ರಿಡೈರೆಕ್ಟ್ಸ್’ ಎನ್ನುತ್ತದೆ. ಫೈಲ್ ಅಪ್‌ಲೋಡ್ 413 ಎಂದು ನಿಂತರೆ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಏರಿಸಿ, ಅದರ ಮೂಲ ಮಿತಿ 1 ಎಂಬಿ. ತಡವಾಗಿ ಉತ್ತರಿಸುವ ಪುಟ 60 ಸೆಕೆಂಡಿಗೆ 504 ಎಂದು ಕಡಿದರೆ ‘ಪ್ರಾಕ್ಸಿ_ರೀಡ್_ಟೈಮ್‌ಔಟ್’ ಏರಿಸಿ. ರೆಡ್‌ಹ್ಯಾಟ್ ಬಳಗದಲ್ಲಿ 502 ಬಂದು, ಲಾಗ್‌ನಲ್ಲಿ 13 ಕಂಡರೆ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಎಂಬ ಎಸ್‌ಇಲಿನಕ್ಸ್ ಸ್ವಿಚ್ ಆನ್ ಮಾಡಿ.

‘ಸೈಟ್/ಜೆಂಕಿನ್ಸ್’ ಎಂದು ಪಾತ್ ಮೂಲಕ ಹಂಚುವುದೋ, ‘ಜೆಂಕಿನ್ಸ್.ಸೈಟ್’ ಎಂದು ಸಬ್‌ಡೊಮೈನ್ ಮೂಲಕವೋ? ಸಬ್‌ಡೊಮೈನ್ ಆರಿಸಿಕೊಳ್ಳಿ. ಪಾತ್ ಮೂಲಕ ಹೋದರೆ ಹಿಂದಿನ ಆಪ್‌ಗೂ ಆ ಪಾತ್ ತಿಳಿಸಬೇಕು. ಅದು ಗೊತ್ತಿಲ್ಲದ ಆಪ್‌ನ ಪುಟ ಬರುತ್ತದೆ, ಸಿಎಸ್‌ಎಸ್ ಮತ್ತು ಚಿತ್ರಗಳು ಬರುವುದಿಲ್ಲ.

ಸರ್ಟಿಫಿಕೇಟ್ ತಂದುಕೊಡುವ ಸರ್ಟ್‌ಬಾಟ್ ಬಳಸುವವರು ಒಂದು ಗಮನಿಸಿ. ‘ಸ್ಟ್ಯಾಂಡ್‌ಅಲೋನ್’ ವಿಧಾನದಲ್ಲಿ ಅದು ತಾನೇ 80 ಹಿಡಿಯುತ್ತದೆ. ಸರ್ವರ್ ನಿಲ್ಲಿಸಿ ಮೊದಲ ಸರ್ಟಿಫಿಕೇಟ್ ಪಡೆದಿದ್ದರೆ, ಎರಡು ತಿಂಗಳ ನಂತರದ ನವೀಕರಣ ಎಂಜಿನ್‌ಎಕ್ಸ್ ಓಡುತ್ತಿರುವುದರಿಂದಲೇ ಸೋಲುತ್ತದೆ. ‘ವೆಬ್‌ರೂಟ್’ ಅಥವಾ ಎಂಜಿನ್‌ಎಕ್ಸ್ ಪ್ಲಗಿನ್‌ಗೆ ಬದಲಾಯಿಸಿ.

443ರಲ್ಲೇ ಎಸ್‌ಎಸ್‌ಎಚ್ ಕೂಡ ಬೇಕು ಎನ್ನುವ ಅಪರೂಪದ ಸಂದರ್ಭಕ್ಕೆ ‘ಎಸ್‌ಎಸ್‌ಎಲ್‌ಎಚ್’ ಎಂಬ ಪ್ರೋಗ್ರಾಮ್ ಇದೆ. ಬಂದ ಮೊದಲ ಬೈಟ್‌ಗಳನ್ನು ನೋಡಿ ಯಾವ ಕಡೆಗೆ ಎಂದು ಹಂಚುತ್ತದೆ.

ಕಂಟೇನರ್, ವಿಎಂ

ಪ್ರತಿ ಕಂಟೇನರ್‌ಗೂ ತನ್ನದೇ ನೆಟ್‌ವರ್ಕ್ ಇರುವುದರಿಂದ ಒಳಗೆ ಎಲ್ಲರೂ 80 ಬಳಸಬಹುದು. ಆದರೆ ಹೊರಗೆ ತೆರೆಯುವಾಗ ಹೋಸ್ಟ್‌ನ 80 ಒಂದೇ. ಎರಡನೆಯವರಿಗೆ ಡಾಕರ್ ‘ಪೋರ್ಟ್ ಈಸ್ ಆಲ್ರೆಡಿ ಅಲೊಕೇಟೆಡ್’ ಎನ್ನುತ್ತದೆ. ಕೊನೆಗೆ ಪ್ರಾಕ್ಸಿ ಬೇಕೇ ಬೇಕು. ಪೋರ್ಟ್ ಜಗಳವೊಂದಕ್ಕಾಗಿ ಡಾಕರ್ ಕಲಿಯಬೇಕಿಲ್ಲ. ಎರಡು ಆಪ್‌ಗಳಿಗೆ ಬೇರೆ ಬೇರೆ ಪಿಎಚ್‌ಪಿ, ಬೇರೆ ಬೇರೆ ಲೈಬ್ರರಿ ಬೇಕು ಎಂಬ ಕಾರಣವೂ ಇದ್ದರೆ ಅರ್ಥವಿದೆ.

ಬಳಸುವುದಾದರೆ ‘-ಪಿ 8080:80’ ಬದಲು ‘-ಪಿ 127.0.0.1:8080:80’ ಎಂದು ಬರೆಯಿರಿ. ಡಾಕರ್ ತೆರೆದ ಪೋರ್ಟ್ ಯುಎಫ್‌ಡಬ್ಲ್ಯು ಫೈರ್‌ವಾಲ್‌ನ ನಿಯಮಗಳನ್ನು ದಾಟಿ ಹೊರಗೆ ಕಾಣುತ್ತದೆ. ಫೈರ್‌ವಾಲ್ ಮುಚ್ಚಿದ್ದೇನೆ ಎಂದು ನೆಮ್ಮದಿಯಿಂದ ಇರಲಾಗದು. ವಿಎಂ ಆದರೆ ಪ್ರತಿಯೊಂದಕ್ಕೂ ತನ್ನ ಕರ್ನಲ್, ತನ್ನ ರ್‍ಯಾಮ್. ಸಣ್ಣ ಮೆಷಿನ್‌ಗೆ ಅದು ಹೊರೆ.

ಯಾರಿಗೆ ಯಾವುದು

ಕಲಿಯಲು ಲ್ಯಾಪ್‌ಟಾಪ್‌ನಲ್ಲಿ ಓಡಿಸುವವರು ಬೇಡದ್ದನ್ನು ಡಿಸೇಬಲ್ ಮಾಡಿ, ಬೇಕಾದಾಗ ಕೈಯಾರೆ ಎಬ್ಬಿಸಿಕೊಂಡರೆ ಸಾಕು. ಒಂದೇ ಸಣ್ಣ ಬಾಡಿಗೆ ಸರ್ವರ್‌ನಲ್ಲಿ ಎರಡು ಮೂರು ಸೈಟ್ ಇಟ್ಟವರಿಗೆ ಪ್ರಾಕ್ಸಿ. ಅಪಾಚೆಯಲ್ಲಿ ಈಗಾಗಲೇ ಸೈಟ್‌ಗಳಿದ್ದು ಅದೇ ರೂಢಿಯಿದ್ದರೆ ಎಂಜಿನ್‌ಎಕ್ಸ್ ಬೇಕಿಲ್ಲ, ‘ಮಾಡ್_ಪ್ರಾಕ್ಸಿ’ ಇದೇ ಕೆಲಸ ಮಾಡುತ್ತದೆ. ಡೇಟಾಬೇಸ್, ಮಾನಿಟರಿಂಗ್, ಅಡ್ಮಿನ್ ಪುಟಗಳಿಗೆ ಪೋರ್ಟ್ ಬದಲಾವಣೆ. ಡಿಎನ್‌ಎಸ್‌ಗೆ ವಿಳಾಸ ಬೇರ್ಪಡಿಸುವುದು. ಆಪ್ ಮತ್ತು ಡೇಟಾಬೇಸ್ ಒಂದೇ ಮೆಷಿನ್‌ನಲ್ಲಿದ್ದು ಹೊರಗಿನವರು ಯಾರೂ ಬರುವುದಿಲ್ಲ ಎಂದಾದರೆ ಟಿಸಿಪಿ ಪೋರ್ಟನ್ನೇ ಬಿಟ್ಟು ಯುನಿಕ್ಸ್ ಸಾಕೆಟ್ ಬಳಸಬಹುದು.

ಕೋಡ್ ಬರೆಯುವವರು ‘ಎಸ್‌ಒ_ರಿಯೂಸ್‌ಪೋರ್ಟ್’ ಕಡೆಗೂ ಕೈಹಾಕುವುದುಂಟು. ಲಿನಕ್ಸ್ 3.9ರಲ್ಲಿ ಬಂದ ಇದು ಒಂದೇ ಪ್ರೋಗ್ರಾಮಿನ ಹಲವು ಪ್ರತಿಗಳಿಗೆ ಕೆಲಸ ಹಂಚಲು ಇರುವಂಥದ್ದು. ಬೇರೆ ಬೇರೆ ಪ್ರೋಗ್ರಾಮ್‌ಗಳಿಗೆ ಹಾಕಿದರೆ 98 ಮಾಯವಾಗಬಹುದು, ಆದರೆ ಬಂದ ಕನೆಕ್ಷನ್‌ಗಳು ಒಂದು ಇಲ್ಲಿಗೆ, ಇನ್ನೊಂದು ಅಲ್ಲಿಗೆ ಚದುರಿ ಹೋಗುತ್ತವೆ.

ಯಾವುದನ್ನೇ ಆರಿಸಿ, ‘ಎಂಜಿನ್‌ಎಕ್ಸ್ -ಟಿ’ ಸರಿ ಎಂದಿತು ಎಂದು ಅಲ್ಲಿಗೇ ಬಿಡಬೇಡಿ. ಆ ಪರೀಕ್ಷೆ ಪೋರ್ಟ್ ಬೇರೆಯವರ ಕೈಯಲ್ಲಿದ್ದರೂ ದೂರುವುದಿಲ್ಲ. ಬಳಕೆದಾರರು ಕಡಿಮೆ ಇರುವ ಹೊತ್ತಿನಲ್ಲಿ ಮೆಷಿನನ್ನೇ ಒಮ್ಮೆ ರೀಬೂಟ್ ಮಾಡಿ, ಎರಡು ನಿಮಿಷ ಬಿಟ್ಟು ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಮತ್ತು ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಎರಡನ್ನೂ ಮತ್ತೆ ಓಡಿಸಿ ನೋಡಿ.